ಪದಚರ್ಚೆ: ಮನೆ ರಿಪೇರಿಯ ಮಾತುಕತೆಯಲ್ಲಿ ‘ಮುರಿದುಕೊಳ್ಳುವುದು’, ‘ಹಿಡಿದುಕೊಳ್ಳುವುದು’

ಪ್ರಶ್ನೆ

ಗೆಳೆಯರೆ,

ಹಳೆ ಮನೆ ಕೊಳ್ಳುವವರಿಗಾಗಿ ಮೈಸೂರಿನಲ್ಲಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಇಂಜಿನಿಯರಿಗೆ ಮನೆ ತೋರಿಸಿ, ಅವರು ಪಟ್ಟಿ ಮಾಡಿದ ರಿಪೇರಿಗಳ ಬಗ್ಗೆ ಮಾರುವವರ ಜೊತೆ ಮಾತಾಡುವ ಅಧ್ಯಾಯದಲ್ಲಿ ಪದಗಳು ಕೈಕೊಡುತ್ತಿವೆ. ಕರಡಿನಲ್ಲಿ ಸದ್ಯಕ್ಕೆ ಇರುವುದು ಹೀಗೆ: ಹೋಮ್ ಇನ್‌ಸ್ಪೆಕ್ಷನ್‌ಗೆ ‘ಗೃಹ ತಪಾಸಣೆ’, ಡಿಫೆಕ್ಟ್‌ಗೆ ‘ದೋಷ’, ರಿಪೇರಿಗೆ ‘ದುರಸ್ತಿ’, ನೆಗೋಶಿಯೇಶನ್‌ಗೆ ‘ಸಂಧಾನ’, ‘ಆ್ಯಸ್ ಈಸ್’ಗೆ ‘ಯಥಾಸ್ಥಿತಿ’. ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸುವುದಕ್ಕೂ, ಕೆಲಸ ಮುಗಿಯುವ ತನಕ ಹಣ ಕೊಡದೆ ಇಟ್ಟುಕೊಳ್ಳುವುದಕ್ಕೂ ‘ಕಡಿತ’ ಎಂದೇ ಬರೆದಿದ್ದೇವೆ. ಓದಿದವರು ಸರ್ಕಾರಿ ಸುತ್ತೋಲೆ ಇದ್ದ ಹಾಗಿದೆ ಅನ್ನುತ್ತಾರೆ. ಮೇಸ್ತ್ರಿಗಳು, ಬ್ರೋಕರುಗಳು, ಪತ್ರ ಬರೆಯುವವರು ಏನನ್ನುತ್ತಾರೆ?

ಉತ್ತರ 1 (ಸಿವಿಲ್ ಇಂಜಿನಿಯರ್, ಮೈಸೂರು)

‘ತಪಾಸಣೆ’ ಎಂದರೆ ಬಸ್ಸಿನಲ್ಲಿ ಟಿಕೆಟ್ ಕೇಳುವವರು, ಚೆಕ್‌ಪೋಸ್ಟಿನವರು ನೆನಪಾಗುತ್ತಾರೆ. ಮನೆ ತೋರಿಸುವವರ ಮುಖ ಬಾಗಿಲಲ್ಲೇ ಗಂಟಾಗುತ್ತದೆ. ಆಡುಮಾತಿನಲ್ಲಿ ‘ಇಂಜಿನಿಯರಿಗೆ ತೋರಿಸೋದು’. ಬರಹಕ್ಕೆ ‘ಕಟ್ಟಡ ಪರಿಶೀಲನೆ’ ಎನ್ನಿ. ಬರೀ ‘ಪರಿಶೀಲನೆ’ ಎಂದರೆ ಓದುವವರು ಇಸಿ (ಋಣಭಾರ ಪತ್ರ), ಖಾತೆ, ಕಂದಾಯದ ರಸೀದಿಯಂಥ ಕಾಗದಪತ್ರ ನೋಡುವುದು ಅಂದುಕೊಳ್ಳುತ್ತಾರೆ. ಬ್ಯಾಂಕಿನವರು ಮಾಡಿಸುವ ‘ಮೌಲ್ಯಮಾಪನ’ ಇದಲ್ಲ ಎಂದೂ ಸ್ಪಷ್ಟವಾಗಿ ಹೇಳಿ. ಅವರು ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂದು. ತಾರಸಿ ಸೋರುತ್ತದೆಯೇ ಎಂದಲ್ಲ.

‘ದೋಷ’ವನ್ನು ಖಂಡಿತ ತೆಗೆದುಹಾಕಿ. ‘ಈ ಮನೆಯಲ್ಲಿ ದೋಷ ಇದೆ’ ಎಂದರೆ ಮೈಸೂರಿನಲ್ಲಿ ಅದು ವಾಸ್ತುದೋಷ. ಮಾತು ಈಶಾನ್ಯ ಮೂಲೆಗೆ ಹೋಗಿಬಿಡುತ್ತದೆ. ಬಾಯಿಮಾತಿಗೆ ‘ಐಬು’ ಚೆನ್ನ. ಬರಹಕ್ಕೆ ‘ನ್ಯೂನತೆ’, ಗ್ರಾಹಕ ವ್ಯಾಜ್ಯಗಳಲ್ಲಿ ‘ಸೇವಾ ನ್ಯೂನತೆ’ ಆಗಲೇ ರೂಢಿಯಲ್ಲಿದೆ.

ಇವಕ್ಕಿಂತ ಮುಖ್ಯ, ಕೆಟ್ಟಿರುವುದನ್ನು ಹೆಸರಿಸುವ ಪದಗಳು. ನೀರಿನ ವಿಷಯಕ್ಕೆಲ್ಲ ‘ಸೋರಿಕೆ’ ಒಂದನ್ನೇ ಹಾಕಬೇಡಿ. ಜನರ ಬಾಯಲ್ಲಿ ಮೂರು ಪದಗಳಿವೆ; ಮೂರಕ್ಕೂ ಕಾರಣ ಬೇರೆ, ಖರ್ಚೂ ಬೇರೆ. ಮಳೆ ಬಂದಾಗ ಮೇಲಿಂದ ತೊಟ್ಟಿಕ್ಕಿದರೆ ‘ಸೋರುತ್ತೆ’: ತಾರಸಿಯ ಇಳಿಜಾರು, ನೀರು ಹೋಗುವ ಪೈಪಿನ ಬಾಯಿ, ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ ನೋಡಬೇಕು. ಬೇಸಿಗೆಯಲ್ಲೂ ಬಚ್ಚಲಿನ ಹಿಂದಿನ ಗೋಡೆ ಒದ್ದೆಯಿದ್ದರೆ ‘ಜಿನುಗುತ್ತೆ’: ಪೈಪಿನ ಜಾಯಿಂಟ್ ಅಥವಾ ಟೈಲ್ಸಿನ ಸಂದು. ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊರಬಂದು, ಗಾರೆ ಪುಡಿಯಾಗಿ ಉದುರುತ್ತಿದ್ದರೆ ‘ಗೋಡೆ ಶೀತ ಹೊಡೆದಿದೆ’: ತಳಪಾಯದ ತೇವ ಇಟ್ಟಿಗೆಯೊಳಗಿಂದ ಮೇಲೇರುತ್ತಿದೆ. ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ, ಗದ್ದೆಗೆ ಮಣ್ಣು ತುಂಬಿ ಕಟ್ಟಿದ ಮನೆಗಳಲ್ಲಿ, ನಾಲೆಗೆ ನೀರು ಬಿಟ್ಟ ಕಾಲಕ್ಕೆ ಈ ಶೀತ ಏರುತ್ತದೆ; ನಾಲೆ ಒಣಗಿದಾಗ ಹೋಗಿ ನೋಡಿದರೆ ಉಪ್ಪಿನ ಕಲೆಯಷ್ಟೇ ಸಾಕ್ಷಿ. ಇರುವುದು ಶೀತ, ವರದಿಯಲ್ಲಿ ಬರೆದದ್ದು ‘ಸೋರಿಕೆ’ ಎಂದಾದರೆ, ಮಾರುವವರು ತಾರಸಿಗೆ ಒಂದು ಕೋಟ್ ಬಳಿಸಿ ‘ಮಾಡಿಸಾಯ್ತಲ್ಲ’ ಅನ್ನುತ್ತಾರೆ. ಬರೆದ ಮಾತಿನ ಪ್ರಕಾರ ಅವರದೇ ಸರಿ.

ಬಿರುಕಿಗೂ ಹೀಗೆಯೇ. ಮೇಸ್ತ್ರಿಗಳ ‘ಏರ್ ಕ್ರ್ಯಾಕ್’ ಗಾಳಿಯ ಬಿರುಕಲ್ಲ, ಹೇರ್‌ಲೈನ್ ಕ್ರ್ಯಾಕ್; ಹಕಾರ ಉದುರುವುದು ನಮ್ಮ ಸೀಮೆಗೆ ಹೊಸದೇನಲ್ಲ. ‘ಕೂದಲೆಳೆ ಬಿರುಕು’ ಎಂದು ಬರೆಯಿರಿ. ಗಿಲಾವಿನಲ್ಲಷ್ಟೇ ಇರುವ, 1 ಮಿಲಿಮೀಟರಿಗಿಂತ ಸಣ್ಣ ಬಿರುಕನ್ನು ಮಾತುಕತೆಗೆ ತರುವುದೇ ದಂಡ; ದೊಡ್ಡದನ್ನು ಕೇಳುವಾಗ ಮಾತಿನ ತೂಕ ಕಳೆಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹೋಗುವ, 5 ಮಿಲಿಮೀಟರ್ ದಾಟಿದ ಬಿರುಕಿಗೆ ಜನ ‘ಗೋಡೆ ಬಾಯಿ ಬಿಟ್ಟಿದೆ’ ಅನ್ನುತ್ತಾರೆ. ಅದು ಪಾಯ ಕುಸಿದ ಗುರುತಾಗಿರಬಹುದು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಗಟ್ಟಿಯಾಗಿ ಕೂರಿಸಿ ತಾರೀಖು ಬರೆದಿಟ್ಟರೆ, ಗೋಡೆ ಇನ್ನೂ ಸರಿಯುತ್ತಿದ್ದಲ್ಲಿ ಗಾಜು ಸೀಳುತ್ತದೆ. ಆಗ ವಾದ ಬೇಕಿಲ್ಲ.

ಇನ್ನು ‘ಸರಿ ಮಾಡಿಸಿಕೊಡ್ತೀವಿ’. ಈ ಅಧ್ಯಾಯದಲ್ಲಿ ಇಷ್ಟು ಅಪಾಯದ ಮಾತು ಬೇರೆ ಇಲ್ಲ. ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದರೂ ಅದು ‘ಸರಿ ಮಾಡಿಸಿದ್ದೇ’. ಏನು ಕೆಲಸ, ಯಾವ ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ಬರೆಯಬೇಕು. ತಾರಸಿಯಾದರೆ: ಪೈಪಿನ ಬಾಯಿ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು, ಕೆಳಗಿನಿಂದ ನೋಡುವುದು. ‘ನೀರು ನಿಲ್ಸಿ ನೋಡೋದು’ ಎಂಬ ಮೇಸ್ತ್ರಿಯ ಮಾತೇ ಸಾಕು, ಹೊಸ ಪದ ಕಟ್ಟಬೇಡಿ. ಸಜ್ಜಾ ಅಥವಾ ಮೋಲ್ಡಿನ (ಕಾಂಕ್ರೀಟ್ ಛಾವಣಿಯ) ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಉದುರಿದ್ದರೆ: ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದಲೇ ಕಾಂಕ್ರೀಟ್ ಸಿಡಿದದ್ದು. ಸಡಿಲ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಒಡೆದು, ತಂತಿಬ್ರಷ್‌ನಲ್ಲಿ ತುಕ್ಕು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಬೇಕು. ಮೇಲೆ ಬರೀ ಸಿಮೆಂಟ್ ಮೆತ್ತಿದರೆ ಒಳಗಿನ ತುಕ್ಕು ಮುಂದುವರಿದು ಆ ತೇಪೆಯನ್ನೂ ಕೆಡವುತ್ತದೆ.

ಹಳೆ ಅಗ್ರಹಾರಗಳ ಮದ್ರಾಸ್ ತಾರಸಿಗೆ, ಅಂದರೆ ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯ ಛಾವಣಿಗೆ, ‘ಸಿಮೆಂಟ್ ಹಾಕಿಸಿಕೊಡುವುದು’ ಎಂದು ಬರೆಸಿಕೊಳ್ಳಲೇಬೇಡಿ. ಬಿಗಿ ಸಿಮೆಂಟಿನಡಿ ತೇವ ಆರದೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ.

ಉತ್ತರ 2 (ಪತ್ರಬರಹಗಾರರು, ಮಂಡ್ಯ)

ಇಂಜಿನಿಯರ್ ಸಾಹೇಬರು ಗೋಡೆ ನೋಡಿದರು, ನಾನು ಕಾಗದ ನೋಡುತ್ತೇನೆ.

‘ದುರಸ್ತಿ’ ನಮ್ಮ ಜಿಲ್ಲೆಯಲ್ಲಿ ಎರಡು ಅಲಗಿನ ಪದ. ‘ಇನ್ನೂ ದುರಸ್ತಿ ಆಗಿಲ್ಲ’ ಎಂದರೆ ಸರ್ವೆ ಕಚೇರಿಯ ಪೋಡಿ ದುರಸ್ತಿ, ಅಂದರೆ ಜಮೀನನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವ ಕೆಲಸ, ಆಗಿಲ್ಲ ಎಂದು ಅರ್ಥ. ಕಂದಾಯ ಜಮೀನಿನಲ್ಲಿ ಎದ್ದ ಮನೆಯ ಕರಾರಿನಲ್ಲಿ (ಕ್ರಯಪತ್ರಕ್ಕೆ ಮೊದಲು ಮಾಡಿಕೊಳ್ಳುವ ಒಪ್ಪಂದದಲ್ಲಿ) ‘ದುರಸ್ತಿ ಮಾಡಿಸಿಕೊಡತಕ್ಕದ್ದು’ ಎಂದಷ್ಟೇ ಇದ್ದರೆ ಯಾವುದು ಎಂದು ಜಗಳ ಗ್ಯಾರಂಟಿ. ‘ಕಟ್ಟಡದ ರಿಪೇರಿ’ ಎನ್ನಿ.

‘ಯಥಾಸ್ಥಿತಿ’ ಕೋರ್ಟಿನ ಪದ. ಯಾರೂ ಏನನ್ನೂ ಬದಲಿಸಬಾರದು ಎಂಬ ಆಜ್ಞೆ. ನಿಮಗೆ ಬೇಕಿರುವುದು ‘ಹಾಲಿ ಇರುವ ಸ್ಥಿತಿಯಲ್ಲಿ’. ಕ್ರಯಪತ್ರದಲ್ಲಿ ‘ಯಾವುದೇ ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ’ ಎಂಬ ಸಾಲು ಹೇಗೂ ಇರುತ್ತದಲ್ಲ ಎಂದು ಕೊಳ್ಳುವವರು ನೆಮ್ಮದಿಯಾಗಿರುತ್ತಾರೆ. ಅದು ಹಕ್ಕಿನ ತಕರಾರಿಗೆ: ದಾಯಾದಿ, ಸಾಲಗಾರ, ಇನ್ನೊಂದು ಕರಾರು. ನಿಧಿ ನಿಕ್ಷೇಪ ಜಲ ತರು ಪಾಷಾಣಗಳನ್ನೆಲ್ಲ ಬರೆದುಕೊಡುವ ಪತ್ರದಲ್ಲಿ ಸೋರುವ ಬಚ್ಚಲಿನ ಮಾತೇ ಬರುವುದಿಲ್ಲ.

‘ಸಂಧಾನ’ ಜಗಳವಾದ ಮೇಲಿನದು, ‘ಚೌಕಾಸಿ’ ಸೊಪ್ಪಿನ ಅಂಗಡಿಯದು. ‘ಮಾತುಕತೆ’ ಸಾಕು.

ಈಗ ‘ಕಡಿತ’. ಇದನ್ನು ಒಡೆಯಲೇಬೇಕು. ‘ಮುರ್ಕೊಳ್ಳೋದು’ ಎಂದರೆ ಕ್ರಯದ ಮೊತ್ತದಲ್ಲಿ ರಿಪೇರಿ ಖರ್ಚು ಕಳೆದು, ಆ ಹಣದ ಮೇಲೆ ಮಾರುವವರ ಹಕ್ಕು ಅಲ್ಲಿಗೇ ಮುಗಿಯುವುದು. ಕೆಲಸವೂ ಅದರ ತಲೆನೋವೂ ಕೊಳ್ಳುವವರದು. ‘ಹಿಡ್ಕೊಳ್ಳೋದು’ ಎಂದರೆ ಹಣ ಅವರದೇ, ಕೆಲಸ ಮುಗಿದರೆ ಕೊಡಬೇಕು. ಬರಹದಲ್ಲಿ ‘ಮುರಿದುಕೊಂಡು’, ‘ತಡೆಹಿಡಿದು’ ಎಂದು ಬೇರೆಬೇರೆ ಬಳಸಿ.

ಮುರಿದುಕೊಂಡರೆ ಎರಡು ಕಡೆ ಎಡವುತ್ತಾರೆ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೆಳಗೆ ಕ್ರಯ ಇಳಿದರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಯ ಮೇಲೇ ಬೀಳುತ್ತದೆ. ಬ್ಯಾಂಕ್ ಸಾಲವಿದ್ದರೆ ಕರಾರಿನ ಮೊತ್ತ ಬದಲಾದ ಕೂಡಲೇ ತಿದ್ದಿದ ಕರಾರನ್ನು ಬ್ಯಾಂಕಿಗೆ ಕೊಡಬೇಕು. ಸಾಲದ ಮೊತ್ತವೂ ಇಳಿಯಬಹುದು. ‘ಪತ್ರದಲ್ಲಿ ಹಾಗೇ ಇರ್ಲಿ, ಕೈಗೆ ವಾಪಸ್ ಕೊಡ್ತೀನಿ’ ಎಂಬ ದಾರಿ ಹಿಡಿದರೆ ಪತ್ರದಲ್ಲಿ ಇರುವ ಕ್ರಯವೇ ಸುಳ್ಳಾಗುತ್ತದೆ. ಅದನ್ನು ಕೈಪಿಡಿಯಲ್ಲಿ ಹೇಳಿಕೊಡಬೇಡಿ.

ಕೊನೆಗೊಂದು ಮುಖ್ಯ ಸಂಗತಿ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣದ ಪ್ರಕಾರ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿರದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮಹತ್ವದ ನ್ಯೂನತೆಯನ್ನು ಮಾರುವವರೇ ತಿಳಿಸಬೇಕು. ಇದಕ್ಕೆ ‘ಮರೆಯಲ್ಲಿರುವ ನ್ಯೂನತೆ’ ಎನ್ನಬಹುದು. ಆದರೆ ಇಂಜಿನಿಯರ್ ವರದಿಯಲ್ಲಿ ಬಂದ ಮೇಲೆ ಅದು ಮರೆಯಲ್ಲಿಲ್ಲ, ಕೊಳ್ಳುವವರಿಗೆ ಗೊತ್ತಾದದ್ದೇ. ವರದಿ ಕೈಯಲ್ಲಿಟ್ಟುಕೊಂಡು, ಕರಾರಿನಲ್ಲಿ ಏನೂ ಬರೆಸದೆ ನೋಂದಣಿ ಮಾಡಿಸಿಕೊಂಡರೆ ಆಮೇಲೆ ‘ಮುಚ್ಚಿಟ್ಟರು’ ಎನ್ನಲು ಬಾಯಿರುವುದಿಲ್ಲ. ಆದ್ದರಿಂದ ಟೋಕನ್ ಮುಂಗಡ ಕೊಟ್ಟ ಮೇಲೆ, ಕರಾರಿಗೆ ಮೊದಲು ಮನೆ ತೋರಿಸಬೇಕು; ಕರಾರು ಆಗಿಹೋಗಿದ್ದರೆ ಪೂರಕ ಕರಾರು ಬರೆಸಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ನಮಸ್ಕಾರ. ತಡೆಹಿಡಿದ ಹಣವನ್ನು ನೋಂದಣಿಯ ನಂತರವೂ ಇಟ್ಟುಕೊಳ್ಳಬಹುದೆ? ವಾಕ್ಯ ಹೇಗಿರಬೇಕು?

ಉತ್ತರ 2, ಮತ್ತೆ

ಕ್ರಯಪತ್ರದಲ್ಲಿ ‘ಪೂರ್ತಿ ಕ್ರಯದ ಹಣ ಪಡೆದಿರುತ್ತೇನೆ’ ಎಂದು ಮಾರುವವರು ಬರೆದುಕೊಡುತ್ತಾರೆ. ಹಣ ನಿಮ್ಮಲ್ಲೇ ಇದ್ದರೆ ಆ ಸಾಲು ನಿಜವಲ್ಲ, ಅವರೂ ಸಹಿಗೆ ಒಪ್ಪುವುದಿಲ್ಲ. ಹಾಗಾಗಿ ತಡೆಹಿಡಿಯುವುದು ನೋಂದಣಿಯ ದಿನದವರೆಗೆ ಮಾತ್ರ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಮುಗಿಯದ ಕೆಲಸಕ್ಕೆ, ಮಳೆಗಾಲದ ತಾರಸಿ ಕೆಲಸದಂಥದ್ದಕ್ಕೆ, ಮುರಿದುಕೊಳ್ಳುವುದೇ ವಾಸಿ. ವಾಕ್ಯ ಹೀಗಿರಲಿ (ಒಂದನೇ ಪಾರ್ಟಿ ಮಾರುವವರು, ಎರಡನೇ ಪಾರ್ಟಿ ಕೊಳ್ಳುವವರು):

‘ಷೆಡ್ಯೂಲ್ ಸ್ವತ್ತಿನ ಕಟ್ಟಡದ ತಾರಸಿಯ ಸೋರಿಕೆಯನ್ನು ಇದರ ಜೊತೆ ಲಗತ್ತಿಸಿರುವ ವರದಿಯ 3ನೇ ಬಾಬ್ತಿನಲ್ಲಿ ಹೇಳಿರುವ ವಿಧಾನದಲ್ಲಿ ಒಂದನೇ ಪಾರ್ಟಿಯವರು ತಮ್ಮ ಸ್ವಂತ ಖರ್ಚಿನಿಂದ ರಿಪೇರಿ ಮಾಡಿಸಿ, 48 ಗಂಟೆ ನೀರು ನಿಲ್ಲಿಸಿ ತೋರಿಸತಕ್ಕದ್ದು. ನೋಂದಣಿಗೆ ಏಳು ದಿನ ಮೊದಲು ಇದು ಆಗದಿದ್ದಲ್ಲಿ, ವರದಿಯಲ್ಲಿ ನಮೂದಿಸಿದ ಖರ್ಚನ್ನು ಎರಡನೇ ಪಾರ್ಟಿಯವರು ಬಾಕಿ ಕ್ರಯದ ಹಣದಲ್ಲಿ ಮುರಿದುಕೊಳ್ಳತಕ್ಕದ್ದು.’

ಉತ್ತರ 1, ಮತ್ತೆ

ಒಂದು ಸೇರ್ಪಡೆ: ಬಿಲ್ಡರಿಂದ ಕೊಳ್ಳುವ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ನೋಂದಣಿಯಾದ ಹೊಸ ಫ್ಲ್ಯಾಟನ್ನು ಈ ಅಧ್ಯಾಯಕ್ಕೆ ಸೇರಿಸಬೇಡಿ. 2016ರ ಆ ಕಾಯ್ದೆಯಲ್ಲಿ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ತಿಳಿಸಿದ ರಚನೆಯ ನ್ಯೂನತೆಯನ್ನು ಬಿಲ್ಡರ್ 30 ದಿನದಲ್ಲಿ ಬಿಟ್ಟಿಯಾಗಿ ಸರಿಪಡಿಸಬೇಕು. ಹಳೆ ಮನೆ ಮಾರುವ ಮಾಲೀಕರಿಗೆ ಅದು ಅನ್ವಯಿಸುವುದಿಲ್ಲ.