ಮಳೆಗಾಲಕ್ಕೆ ಜನರೇಟರ್ ತಂದಾಯ್ತು, ಮನೆ ವೈರಿಂಗಿಗೆ ಕೊಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಅಣ್ಣಾ. ನಮ್ಮ ಮನೆ ಸಿರಸಿಯಿಂದ ಒಳಗೆ, ತೋಟದ ತಲೆಯಲ್ಲಿ. ಲೈನ್ ಮೇಲೆ ಮರ ಬಿತ್ತು ಅಂದ್ರೆ ಮೂರ್ನಾಲ್ಕು ದಿನ ಕರೆಂಟಿಲ್ಲ. ನಾನಿರೋದು ಬೆಂಗಳೂರಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅದಕ್ಕೆ 2.8 ಕೆವಿಎ ಪೆಟ್ರೋಲ್ ಜನರೇಟರ್ ತಂದುಕೊಟ್ಟಿದ್ದೇನೆ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಗೋಡೆ ಪ್ಲಗ್ಗಿಗೆ ಸಿಕ್ಕಿಸಿದರೆ ಮನೆಯಿಡೀ ಕರೆಂಟ್ ಬರುತ್ತೆ, ಮೇನ್ ಆಫ್ ಮಾಡಿದ್ರೆ ಆಯ್ತು ಅಂತ ಪಕ್ಕದ ಮನೆಯವರು ಹೇಳ್ತಾರೆ. ಅಪ್ಪ ಹಾಗೊಂದು ವೈರ್ ಮಾಡಿಸಿಯೂ ಇಟ್ಟಿದ್ದಾರೆ. ಬಳಸಬಹುದಾ?

ಉತ್ತರ: ಬೇಡ ತಮ್ಮಾ. ಆ ವೈರನ್ನು ಇವತ್ತೇ ಕತ್ತರಿಸಲು ಹೇಳು.

ಜನರೇಟರ್ ಓಡುತ್ತಿರುವಾಗ ಅದರ ಪಿನ್ ಗೋಡೆಯಿಂದ ಕಳಚಿತು ಅಂತಿಟ್ಟುಕೋ. ಬರಿಯ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ. ಕತ್ತಲೆ, ಒದ್ದೆ ನೆಲ, ಅಮ್ಮನ ಕಾಲಿಗೆ ವೈರ್ ಸಿಕ್ಕಿದರೂ ಸಾಕು.

ಇನ್ನು ಮೇನ್ ಆಫ್ ಮಾಡುವ ಮಾತು. ಒಂದಲ್ಲ ಒಂದು ದಿನ ಮರೆತುಹೋಗುತ್ತದೆ. ಆಗ ನಿಮ್ಮ ಜನರೇಟರಿನ ಕರೆಂಟ್ ಸರ್ವಿಸ್ ವೈರ್ ಹಿಡಿದು ಕಂಬಕ್ಕೆ, ಅಲ್ಲಿಂದ ಟಿಸಿಗೆ, ಅಂದ್ರೆ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. 11 ಸಾವಿರ ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಟಿಸಿಯೇ, ಹಿಂದಿನಿಂದ ಬಂದ 230ನ್ನು ಮತ್ತೆ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅಕ್ಕಪಕ್ಕದ ಮನೆಗಳ ಲೋಡ್ ಬಿದ್ದು ಜನರೇಟರ್ ಟ್ರಿಪ್ ಆಗುವುದೂ ಉಂಟು. ಆದರೆ ನಿಮ್ಮಂಥ ಒಂಟಿ ಮನೆಯಲ್ಲಿ ಅದನ್ನು ನಂಬಿ ಕೂರಬೇಡ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಲೈನ್‌ಮ್ಯಾನ್‌ಗಳು ಮಳೆಯಲ್ಲೇ ಕಂಬ ಹತ್ತಿದ್ದನ್ನು ನಾನು ಕುಮಟಾದಲ್ಲಿ ನಿಂತು ನೋಡಿದ್ದೇನೆ. ಅಂಗಿ ಮೈಗೆ ಅಂಟಿತ್ತು, ಒಂದು ಕೈ ಕಂಬ ತಬ್ಬಿತ್ತು, ಇನ್ನೊಂದು ಕೈಯಲ್ಲಿ ಕಟಿಂಗ್ ಪ್ಲೇಯರ್. ನಮಗೆ ಕರೆಂಟ್ ಕೊಡಲು ಹತ್ತಿದವರ ಕೈಗೆ ನಮ್ಮ ಮನೆಯಿಂದಲೇ ಶಾಕ್ ಹೋಗಬಾರದು ಅಲ್ವಾ?

ಮೀಟರ್ ಬೋರ್ಡ್ ಪಕ್ಕದಲ್ಲಿ ಒಂದು ಚೇಂಜ್ ಓವರ್ ಸ್ವಿಚ್ ಹಾಕಿಸು. ಹಿಡಿಕೆ ಒಂದೇ. ಒಂದು ಕಡೆ ತಿರುಗಿಸಿದರೆ ಹೆಸ್ಕಾಂ, ಇನ್ನೊಂದು ಕಡೆ ಜನರೇಟರ್, ನಡುವೆ ಸೊನ್ನೆ. ಎರಡೂ ಒಟ್ಟಿಗೆ ಸೇರಲು ದಾರಿಯೇ ಇಲ್ಲ. ಅಪ್ಪನಿಗೆ ಮರೆತರೂ ಸ್ವಿಚ್ಚಿಗೆ ಮರೆಯುವುದಿಲ್ಲ. ಸಿಂಗಲ್ ಫೇಸ್ ಮನೆಗೆ 32 ಆಂಪ್ಸಿನ ಡಬಲ್ ಪೋಲ್ ಕೇಳು, ಫೇಸ್ ಜೊತೆ ನ್ಯೂಟ್ರಲ್ಲೂ ಕಡಿಯಬೇಕು. ಅಂಗಡಿಯವರು ಸುಮ್ನೆ ಸಿಂಗಲ್ ಪೋಲ್ ಕೊಟ್ಟರೆ ವಾಪಸ್ ಮಾಡು. 2.8 ಕೆವಿಎಯಿಂದ ಬರುವುದು 12 ಆಂಪ್ಸ್ ಅಷ್ಟೇ, ಹಾಗಾಗಿ 2.5 ಸ್ಕ್ವೇರ್ ಎಂಎಂ ತಾಮ್ರದ ಮೂರು ಕೋರ್ ಕೇಬಲ್ ಸಾಕು. ಅದರ ಒಂದು ತುದಿ ಸ್ವಿಚ್ಚಿಗೆ ಕಾಯಂ, ಇನ್ನೊಂದು ತುದಿಯ ಪಿನ್ ಜನರೇಟರಿಗೆ. ಈ ಕೆಲಸ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಹತ್ತಿರವೇ ಮಾಡಿಸು. ಜನರೇಟರ್ ಓಡುವಾಗಲೂ, ಶಾಕ್ ಹೊಡೆದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದಾ ಅಂತ ಅವರ ಕೈಯಲ್ಲೇ ಚೆಕ್ ಮಾಡಿಸು. ಸಣ್ಣ ಜನರೇಟರುಗಳಲ್ಲಿ ಎಷ್ಟೋ ಸಲ ನ್ಯೂಟ್ರಲ್ ಅರ್ಥಿಂಗಿಗೆ ಸೇರಿರುವುದಿಲ್ಲ. ಆಗ ಆರ್‌ಸಿಸಿಬಿ ಇದ್ದೂ ಪ್ರಯೋಜನವಿಲ್ಲ.

ಪ್ರಶ್ನೆ: ಬಾವಿ ಪಂಪು, ಫ್ರಿಜ್ ಎಲ್ಲಾ ನಡೆಯುತ್ತಾ ಅಣ್ಣಾ?

ಉತ್ತರ: ಲೈಟು, ಫ್ಯಾನು, ಫ್ರಿಜ್ಜಿಗೆ ತೊಂದರೆಯಿಲ್ಲ. ಗೀಸರ್ ಬೇಡ. 1 ಎಚ್‌ಪಿ ಪಂಪು ಓಡುವಾಗ ಸುಮಾರು 1 ಕಿಲೋವ್ಯಾಟ್ ತಿನ್ನುತ್ತದೆ. ಸ್ಟಾರ್ಟ್ ಆಗುವಾಗ ಅದರ ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತದೆ, ಜನರೇಟರ್ ಉಸಿರು ಕಟ್ಟಿ ನಿಲ್ಲಬಹುದು. ಉಳಿದದ್ದೆಲ್ಲ ಆಫ್ ಮಾಡಿ ಪಂಪು ಒಂದನ್ನೇ ಹಾಕಿ ನೋಡಿ.

ಪ್ರಶ್ನೆ (ಅಂಕೋಲಾದಿಂದ): ಮಳೆಗೆ ನೆನೆಯಬಾರದು ಅಂತ ನಾವು ಜಗಲಿಯಲ್ಲೇ ಇಟ್ಟು ಓಡಿಸ್ತೇವೆ. ಬಾಗಿಲು ತೆರೆದೇ ಇರುತ್ತೆ. ಸಾಕಲ್ವಾ?

ಉತ್ತರ: ಸಾಲದು ಅಕ್ಕಾ, ದಯವಿಟ್ಟು ಇವತ್ತೇ ಹೊರಗೆ ಹಾಕಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಅಂತ ಮಲಗಿದವರು ಏಳದೇ ಹೋಗಬಹುದು. ಕೊಟ್ಟಿಗೆಯೂ ಬೇಡ, ದನಕರುಗಳ ಜೀವವೂ ಜೀವವೇ. ಮನೆಯಿಂದ 20 ಅಡಿಯಾದರೂ ದೂರದಲ್ಲಿ ನಾಲ್ಕು ಕಂಬ ನಿಲ್ಲಿಸಿ ಮೇಲೊಂದು ತಗಡು ಹಾಕಿ, ಸುತ್ತ ಏನೂ ಕಟ್ಟಬೇಡಿ. ಹೊಗೆ ಕೊಳವೆ ಕಿಟಕಿಯ ಕಡೆ ಇರಬಾರದು. ಪೆಟ್ರೋಲ್ ಹಾಕುವ ಮೊದಲು ಆಫ್ ಮಾಡಿ, ಆರಲು ಬಿಡಿ.

ಸಿರಸಿ ತಮ್ಮಾ, ಸ್ವಿಚ್ ಹಾಕಿಸಿದ ಮೇಲೆ ಊರಿಗೆ ಬಂದಾಗ ಅಪ್ಪನ ಕೈಯಿಂದಲೇ ಎರಡು ಮೂರು ಸಲ ತಿರುಗಿಸಿಸು. ಯಾವ ಕಡೆ ಯಾವುದು ಅಂತ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸು.

ಪ್ರಶ್ನೆ ಕೇಳಿದವರು: ಈಗಷ್ಟೇ ಫೋನ್ ಮಾಡಿದೆ ಅಣ್ಣಾ. ಅಪ್ಪ ಕತ್ತಿ ತಂದು ವೈರನ್ನು ಎರಡು ತುಂಡು ಮಾಡಿದರಂತೆ. ಶನಿವಾರ ಊರಿಗೆ ಹೊರಟಿದ್ದೇನೆ.