ವಿಲ್ಸನ್ ಪ್ಲಾಟ್‌ನಲ್ಲಿ ಬಿ ಮೈನಸ್, ಆರ್ ಫ್ಯಾಕ್ಟರ್ 110%: ಸ್ಕೇಲ್ ಎಲ್ಲಿ ಕೆಟ್ಟಿದೆ?

ಹರಳುಪುಡಿ:
ನಮಸ್ಕಾರ. ಕೋಳಿಮೊಟ್ಟೆ ಲೈಸೊಜೈಮ್ ಹರಳಿನ ಡೇಟಾ ಇದೆ. ಲ್ಯಾಬಿನ ತಾಮ್ರದ ಎಕ್ಸ್-ರೇ ಟ್ಯೂಬ್‌ನಲ್ಲೇ ತೆಗೆದದ್ದು, ರೆಸಲ್ಯೂಶನ್ (ವಿವರದ ಅಳತೆ, ಡಿ; ಸಂಖ್ಯೆ ದೊಡ್ಡದಾದಷ್ಟು ಒರಟು) 25ರಿಂದ 2.0 ಆಂಗ್‌ಸ್ಟ್ರಾಮ್‌ವರೆಗೆ. ಸ್ಪೇಸ್ ಗ್ರೂಪ್ (ಹರಳಿನ ಸಮ್ಮಿತಿ) ಪಿ4₃2₁2, ಸೆಲ್ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪೆಟ್ಟಿಗೆ) 79 × 79 × 38 ಆಂಗ್‌ಸ್ಟ್ರಾಮ್. ತೀವ್ರತೆಗಳನ್ನು ಅಬ್ಸಲ್ಯೂಟ್ ಸ್ಕೇಲಿಗೆ ತರಲು ಪೈಥಾನ್‌ನಲ್ಲಿ ನಾನೇ ವಿಲ್ಸನ್ ಪ್ಲಾಟ್ (ರೆಸಲ್ಯೂಶನ್ ಜೊತೆ ಸರಾಸರಿ ತೀವ್ರತೆ ಹೇಗೆ ಬದಲಾಗುತ್ತದೆ ಎಂದು ನೋಡಿ ಸ್ಕೇಲ್, ಬಿ ಎರಡನ್ನೂ ಕೊಡುವ ಪ್ಲಾಟ್) ಬರೆದೆ. ಒಂದೊಂದು ಆಂಗ್‌ಸ್ಟ್ರಾಮ್‌ಗೆ ಒಂದು ಬಿನ್ (ಗುಂಪು). ಪ್ರತಿ ಬಿನ್ನಿನ ಸರಾಸರಿ ತೀವ್ರತೆಯನ್ನು 1001 ಪರಮಾಣುಗಳ ಎಫ್-ವರ್ಗದ (ಇಲ್ಲಿ ಎಫ್ ಅಂದರೆ ಪರಮಾಣು ಎಕ್ಸ್-ರೇ ಚದುರಿಸುವ ಬಲ) ಮೊತ್ತದಿಂದ ಭಾಗಿಸಿ, ಲಾಗ್ ತೆಗೆದು, ಒಂದು ಗೆರೆ ಎಳೆದೆ. ಬಿ (ಪರಮಾಣುಗಳ ಅಲುಗಾಟದ ಅಳತೆ, ಮೈನಸ್ ಆಗಬಾರದ್ದು) ಮೈನಸ್ 4 ಬಂತು! ಗೊತ್ತಿರುವ ಮಾಡೆಲ್ ಜೊತೆ ಹೋಲಿಸಿದರೆ ಆರ್ ಫ್ಯಾಕ್ಟರ್ (ಅಳತೆಗೂ ಮಾಡೆಲ್‌ಗೂ ಇರುವ ವ್ಯತ್ಯಾಸ) 110%. ಮಾಡೆಲ್ಲೇ ತಪ್ಪಾ?

ಬೀಮ್‌ಸ್ಟಾಪ್:
ಮಾಡೆಲ್ ಮೇಲೆ ಅನುಮಾನ ಬೇಡ. ಪರಮಾಣುಗಳನ್ನು ಸುಮ್ನೆ ಮನಸ್ಸಿಗೆ ಬಂದ ಹಾಗೆ ಚೆಲ್ಲಿದರೂ ಇಂಥ ಹರಳಿನಲ್ಲಿ ಆರ್ ಸುಮಾರು 59% ಬರುತ್ತದೆ. ಅದನ್ನೂ ಮೀರಿ 110 ಅಂದರೆ ಸ್ಕೇಲಿನದೇ ತೊಂದರೆ.

ಬಿನ್ ಮಾಡಿದ ರೀತಿ ನೋಡಿ. ನಿಮ್ಮ 23 ಬಿನ್‌ಗಳಲ್ಲಿ 21 ಬಿನ್ 4 ಆಂಗ್‌ಸ್ಟ್ರಾಮ್‌ಗಿಂತ ಒರಟು ಭಾಗದಲ್ಲಿವೆ. ಆದರೆ ಒಟ್ಟು ರಿಫ್ಲೆಕ್ಷನ್‌ಗಳಲ್ಲಿ (ಅಳೆದ ಎಕ್ಸ್-ರೇ ಚುಕ್ಕೆಗಳಲ್ಲಿ) ಎಂಟನೇ ಒಂದು ಪಾಲು ಮಾತ್ರ ಅಲ್ಲಿದೆ. ಅಂದರೆ ಗೆರೆಯನ್ನು ಎಳೆಯುತ್ತಿರುವುದು ಆ ಸಣ್ಣ ಪಾಲು.

ಅದೂ ನಂಬಬಾರದ ಪಾಲು. 1942ರಲ್ಲಿ ವಿಲ್ಸನ್ ಈ ದಾರಿ ತೋರಿಸಿದಾಗ ಪರಮಾಣುಗಳು ಸೆಲ್ ತುಂಬಾ ಚೆಲ್ಲಾಪಿಲ್ಲಿಯಾಗಿವೆ ಎಂದು ಇಟ್ಟುಕೊಂಡಿದ್ದರು. ಪ್ರೋಟೀನ್‌ನಲ್ಲಿ ಹಾಗಿಲ್ಲ. ಹೆಲಿಕ್ಸ್, ಶೀಟ್ ಎಲ್ಲಾ ಕ್ರಮವಾಗಿ ಕೂತಿರುತ್ತವೆ. ನಡುವೆ ನೀರು ತುಂಬಿರುತ್ತದೆ. ಪ್ರೋಟೀನ್ ಘನ ಆಂಗ್‌ಸ್ಟ್ರಾಮ್‌ಗೆ ಸುಮಾರು 0.43 ಎಲೆಕ್ಟ್ರಾನ್, ನೀರು 0.33. ವ್ಯತ್ಯಾಸ ಕಡಿಮೆ, ಹಾಗಾಗಿ ಒರಟು ರೆಸಲ್ಯೂಶನ್‌ನ ತೀವ್ರತೆ ಕುಗ್ಗುತ್ತದೆ. ಪ್ಲಾಟ್ 6 ಆಂಗ್‌ಸ್ಟ್ರಾಮ್ ಹತ್ತಿರ ತಗ್ಗಿ, 4.5 ಹತ್ತಿರ ಮತ್ತೆ ಉಬ್ಬುತ್ತದೆ. ಆ ಏರಿನ ಮೇಲೆ ಗೆರೆ ಎಳೆದರೆ ಬಿ ಮೈನಸ್ ಬರದೆ ಇನ್ನೇನು?

1/ಡಿ² ಲೆಕ್ಕದಲ್ಲಿ ಸಮ ಬಿನ್ ಮಾಡಿ. ಗೆರೆಯನ್ನು 3.5ರಿಂದ 2.0ರ ಒಳಗೆ ಮಾತ್ರ ಎಳೆಯಿರಿ. ಉಳಿದದ್ದನ್ನು ಪ್ಲಾಟ್‌ನಲ್ಲಿ ತೋರಿಸಿ, ಫಿಟ್‌ಗೆ ಸೇರಿಸಬೇಡಿ.

ಮಂಜುಗಡ್ಡೆ:
ನಡುವೆ ಬಾಯಿ ಹಾಕುತ್ತಿದ್ದೇನೆ. ನೆಗೆಟಿವ್ ತೀವ್ರತೆಗಳನ್ನು ಏನು ಮಾಡಿದ್ದೀರಿ? ತೆಗೆದುಹಾಕಿದ್ದರೆ ವಾಪಸ್ ಸೇರಿಸಿ. ಹಿನ್ನೆಲೆ ಕಳೆದಾಗ ದುರ್ಬಲ ರಿಫ್ಲೆಕ್ಷನ್‌ಗಳಲ್ಲಿ ಕೆಲವು ಸೊನ್ನೆಗಿಂತ ಕೆಳಗೆ ಹೋಗುವುದು ಸಹಜ. ಅವನ್ನು ಬಿಟ್ಟರೆ ಸೂಕ್ಷ್ಮ ರೆಸಲ್ಯೂಶನ್‌ನ ಸರಾಸರಿ ಸುಳ್ಳಾಗಿ ಏರುತ್ತದೆ, ಬಿ ಕಡಿಮೆ ಕಾಣುತ್ತದೆ. ತೀವ್ರತೆಯಿಂದ ಆಂಪ್ಲಿಟ್ಯೂಡ್‌ಗೆ (ಅದರ ವರ್ಗಮೂಲಕ್ಕೆ) ಹೋಗುವಾಗ ಮಾತ್ರ 1978ರ ಫ್ರೆಂಚ್–ವಿಲ್ಸನ್ ವಿಧಾನ ಬಳಸಿ. (ಈ ವಿಲ್ಸನ್ ಬೇರೆ, ಪ್ಲಾಟಿನ ವಿಲ್ಸನ್ ಬೇರೆ. ತುಂಬಾ ಜನ ಒಬ್ಬರೇ ಅಂದುಕೊಂಡಿರುತ್ತಾರೆ.)

ಹರಳುಪುಡಿ:
ನೆಗೆಟಿವ್ ಎಲ್ಲಾ ಮೊದಲೇ ಇದ್ದವು ಮೇಡಂ. ಬಿನ್ ಬದಲಾಯಿಸಿದೆ. ಈಗ ಗೆರೆ ನೆಟ್ಟಗಿದೆ, ಬಿ 19. ಆದರೆ ಆರ್ ಇಳಿಯುವ ಬದಲು 180%ಗೆ ಏರಿದೆ! ಇದೇನು ಸರ್?

ಬೀಮ್‌ಸ್ಟಾಪ್:
ಒಳ್ಳೆಯ ಸುದ್ದಿಯೇ. ಎರಡು ತೊಂದರೆ ಒಂದನ್ನೊಂದು ಮುಚ್ಚಿಕೊಂಡಿದ್ದವು. ಮೊದಲಿನ ಗೆರೆ ಚಪ್ಪಟೆಯಾಗಿ ಕೆಳಗಿತ್ತು, ಅದರಿಂದ ನಿಮ್ಮ ಎಫ್ (ರಿಫ್ಲೆಕ್ಷನ್‌ಗಳ ಆಂಪ್ಲಿಟ್ಯೂಡ್, ಪರಮಾಣುವಿನ ಎಫ್ ಅಲ್ಲ) ಎಲ್ಲಾ ಉಬ್ಬಿದ್ದವು. ಈಗ ಆ ಉಬ್ಬು ಹೋಗಿ ಎರಡನೆಯದು ಬಯಲಾಗಿದೆ.

1001 ಪರಮಾಣು ಒಂದು ಅಣುವಿನದು. ಪಿ4₃2₁2ನಲ್ಲಿ ಸೆಲ್ಲಿಗೆ 8 ಅಣು. ಎಫ್-ವರ್ಗದ ಮೊತ್ತ ಇಡೀ ಸೆಲ್ಲಿನದಾಗಿರಬೇಕು. ಅದು 8 ಪಟ್ಟು ಕಡಿಮೆಯಾದಾಗ ಎಫ್ 8ರ ವರ್ಗಮೂಲದಷ್ಟು, ಅಂದರೆ 2.83 ಪಟ್ಟು ಚಿಕ್ಕದಾಗುತ್ತದೆ. 2.83ರಲ್ಲಿ 1 ಕಳೆಯಿರಿ: 183%. ನಿಮ್ಮ ಆರ್ ಅದೇ ಅಲ್ವಾ? ಬಿ ಮೇಲೆ ಇದರ ಪರಿಣಾಮ ಇಲ್ಲ, ಗೆರೆಯ ಇಳಿಜಾರು ಬದಲಾಗುವುದಿಲ್ಲ. ಅದಕ್ಕೇ 19 ಸರಿಯಾಗಿ ಕಾಣಿಸಿತು.

ಹರಳುಪುಡಿ:
8ರಿಂದ ಗುಣಿಸಿದೆ, ಆರ್ 36%ಗೆ ಇಳಿಯಿತು. 5 ಆಂಗ್‌ಸ್ಟ್ರಾಮ್‌ಗಿಂತ ಒರಟು ಭಾಗ ಬಿಟ್ಟರೆ 30%. ಇನ್ನೊಂದು ಪ್ರಶ್ನೆ. ಸ್ಕೇಲ್ ಸರಿಯಾದ ಮೇಲೂ ಮ್ಯಾಪ್‌ನಲ್ಲಿ (ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ) ನೀರಿನ ಜಾಗ ಸೊನ್ನೆಗಿಂತ ಕೆಳಗಿದೆ. 0.33 ಬರಬೇಕಿತ್ತಲ್ಲ?

ಬೀಮ್‌ಸ್ಟಾಪ್:
ಬರುವುದಿಲ್ಲ. ಎಫ್(000), ಅಂದರೆ ಸೆಲ್ಲಿನ ಒಟ್ಟು ಎಲೆಕ್ಟ್ರಾನ್‌ಗಳನ್ನು ಹೇಳುವ ರಿಫ್ಲೆಕ್ಷನ್, ಅಳೆಯಲು ಆಗುವುದಿಲ್ಲ, ಅದು ನೇರ ಕಿರಣದ ದಾರಿಯಲ್ಲೇ ಇದೆ. ಅದಿಲ್ಲದೆ ಮಾಡಿದ ಮ್ಯಾಪಿನ ಸರಾಸರಿ ಯಾವಾಗಲೂ ಸೊನ್ನೆ. ಸೆಲ್ಲಿನ ಒಟ್ಟು ಎಲೆಕ್ಟ್ರಾನ್‌ಗಳನ್ನು, ನೀರನ್ನೂ ಸೇರಿಸಿ, ಅದರ ಗಾತ್ರದಿಂದ ಭಾಗಿಸಿ ಕೂಡಿಸಿಕೊಳ್ಳಿ. ಲೈಸೊಜೈಮ್‌ಗೆ ಅದು 0.4ರ ಆಸುಪಾಸು. ಮಾಡೆಲ್ ಕಟ್ಟುವುದಷ್ಟೇ ಕೆಲಸವಾದರೆ ಸಿಗ್ಮಾ (ಮ್ಯಾಪಿನ ಏರಿಳಿತದ ಅಳತೆ) ಲೆಕ್ಕದಲ್ಲೇ ನೋಡಿ, ಸಾಕು.

ಇನ್ನು ಆ 36%. ವಿಲ್ಸನ್ ಸ್ಕೇಲ್ ಬರೀ ಶುರುವಿನ ಅಂದಾಜು. ಮಾಡೆಲ್ ಕೈಯಲ್ಲಿರುವಾಗ ಅದರ ಎಫ್‌ಗೇ ಸ್ಕೇಲ್ ಮಾಡಿ, ಬಲ್ಕ್ ಸಾಲ್ವೆಂಟ್ (ಅಣುಗಳ ನಡುವಿನ ನೀರು) ತಿದ್ದುಪಡಿಯ ಜೊತೆಗೆ. ಮತ್ತೆ, ಆ ಬಿ 19 ಅನ್ನು ಡೇಟಾದಿಂದ ಕಳೆಯಲು ಹೋಗಬೇಡಿ. ಅದು ಹರಳಿನದೇ ಗುಣ, ರಿಫೈನ್‌ಮೆಂಟ್‌ನಲ್ಲಿ (ಡೇಟಾಗೆ ಹೊಂದುವಂತೆ ಮಾಡೆಲ್ ತಿದ್ದುವಾಗ) ಪರಮಾಣುಗಳ ಬಿ ಆಗಿ ಬರಬೇಕಾದದ್ದು.