ಪದಚರ್ಚೆ: ಇಬ್ಬರು ಗಂಡಸರು ಕೂಡಿ ಹಾಡಿದ್ದಕ್ಕೆ ‘ಯುಗಳಗೀತೆ’ ಎನ್ನಬಹುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ 2015ರ ಜೂನ್‌ನಲ್ಲಿ ಹೊರತಂದ ‘ಜಾಂಗೋ ಆ್ಯಂಡ್ ಜಿಮ್ಮಿ’ ಆಲ್ಬಮ್ ಕುರಿತು ಕನ್ನಡದಲ್ಲಿ ಪರಿಚಯ ಲೇಖನವೊಂದು ಸಿದ್ಧವಾಗುತ್ತಿದೆ. ಕರಡಿನ ಮೊದಲ ವಾಕ್ಯ ಹೀಗಿದೆ: “ಇದು ಅಮೆರಿಕದ ಇಬ್ಬರು ಹಿರಿಯ ಜಾನಪದ ಗಾಯಕರ 14 ಯುಗಳಗೀತೆಗಳ ಸಂಗ್ರಹ.” ಓದಲು ಸಲೀಸಾಗಿದೆ, ಆದರೆ ಪದಗಳು ಸರಿ ಕೂತಿವೆಯೇ? ಜೊತೆಗೆ ಹಾರ್ಮನಿ, ಯೋಡಲ್ ಎಂಬುವಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ಅನ್‌ಫೇರ್ ವೆದರ್ ಫ್ರೆಂಡ್’, ‘ಇಟ್ಸ್ ಆಲ್ ಗೋಯಿಂಗ್ ಟು ಪಾಟ್’ ಎಂಬ ಶೀರ್ಷಿಕೆಗಳನ್ನು ಕನ್ನಡಿಸುವುದು ಹೇಗೆ? ಬಲ್ಲವರು ತಿಳಿಸಬೇಕು.

ಉತ್ತರ

ಆ ಒಂದೇ ವಾಕ್ಯದಲ್ಲಿ ಮೂರು ಕಡೆ ಕೈಯಾಡಿಸಬೇಕು.

ಮೊದಲು ‘ಜಾನಪದ’ ತೆಗೆಯಿರಿ. ಜನಪದ ಹಾಡಿಗೆ ಕಟ್ಟಿದವರ ಹೆಸರಿರುವುದಿಲ್ಲ, ಹಕ್ಕು ಕೇಳುವವರೂ ಇಲ್ಲ. ಇವರಿಬ್ಬರದು ‘ಕಂಟ್ರಿ’, ಅಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಬೇರುಬಿಟ್ಟ ಜನಪ್ರಿಯ ಸಂಗೀತ. ಕಂಟ್ರಿ ಹಾಡಿಗೆ ಬರೆದವರಿದ್ದಾರೆ, ಪ್ರಕಾಶಕರಿದ್ದಾರೆ, ಗೌರವಧನದ ಲೆಕ್ಕವಿದೆ. ಇದೇ ಆಲ್ಬಮ್‌ನಲ್ಲಿರುವ ‘ಫ್ಯಾಮಿಲಿ ಬೈಬಲ್’ ಹಾಡನ್ನು ನೆಲ್ಸನ್ ಕಷ್ಟದ ದಿನಗಳಲ್ಲಿ 50 ಡಾಲರಿಗೆ ಮಾರಿಬಿಟ್ಟಿದ್ದರು. 1960ರಲ್ಲಿ ಅದು ಇನ್ನೊಬ್ಬ ಗಾಯಕರ ದನಿಯಲ್ಲಿ ಗೆದ್ದಾಗ ಬರೆದವರ ಜಾಗದಲ್ಲಿ ನೆಲ್ಸನ್ ಹೆಸರೇ ಇರಲಿಲ್ಲ. ಜನಪದದಲ್ಲಿ ಇಂಥ ವ್ಯವಹಾರಕ್ಕೆ ಅರ್ಥವೇ ಇಲ್ಲ. ಈ ಗೊಂದಲ ನಮ್ಮದು ಮಾತ್ರವಲ್ಲ ಅನ್ನಿ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ 1944ರಲ್ಲಿ ಇಂಥ ಹಾಡುಗಳ ಪಟ್ಟಿ ಶುರುಮಾಡಿದಾಗ ಅದನ್ನು ‘ಫೋಕ್’ ಎಂದೇ ಕರೆದಿತ್ತು, ‘ಕಂಟ್ರಿ ಆ್ಯಂಡ್ ವೆಸ್ಟರ್ನ್’ ಎಂದು ಬದಲಿಸಿದ್ದು 1949ರಲ್ಲಿ. ‘ಗ್ರಾಮೀಣ ಸಂಗೀತ’ ಎಂದರೂ ಓದುಗರಿಗೆ ಕಣ್ಣಮುಂದೆ ಬರುವುದು ಕೋಲಾಟವೇ. ‘ಕಂಟ್ರಿ ಸಂಗೀತ’ ಎಂದೇ ಇರಲಿ.

ಇನ್ನು ‘ಯುಗಳಗೀತೆ’. ಯುಗಳ ಎಂದರೆ ಜೋಡಿ ಅಷ್ಟೇ, ನಿಘಂಟಿನ ಪ್ರಕಾರ ತಪ್ಪಿಲ್ಲ. ಆದರೆ ಸಿನಿಮಾ ಅದನ್ನು ನಾಯಕ–ನಾಯಕಿಯ ಪ್ರೇಮಗೀತೆಗೆ ಕಟ್ಟಿಹಾಕಿದೆ. ಆಗ 82 ಮತ್ತು 78 ವಯಸ್ಸಿನವರಾಗಿದ್ದ ಇಬ್ಬರು ಗಂಡಸರ ಆಲ್ಬಮ್‌ಗೆ ಆ ಪದ ಹಾಕಿದರೆ ಓದುಗರು ಮೂರನೆಯ ಸಾಲಿನವರೆಗೂ ಗಾಯಕಿಯನ್ನು ಹುಡುಕುತ್ತಿರುತ್ತಾರೆ. ‘ಜುಗಲ್‌ಬಂದಿ’ಯ ಮೊದಲರ್ಧವೂ ಅದೇ ಯುಗಳ. ಆದರೆ ಅಲ್ಲಿ ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು ಬೆಳೆಸುವ ಮನೋಧರ್ಮ, ಅಂದರೆ ಸ್ಥಳದಲ್ಲೇ ಹೊಸದಾಗಿ ಕಟ್ಟಿ ಹಾಡುವ ರೀತಿ, ಇರಬೇಕು. ಪತ್ರಿಕೆಗಳು ಈಗ ಬ್ಯಾಟ್ಸ್‌ಮನ್ನರ ಜೊತೆಯಾಟಕ್ಕೂ ಜುಗಲ್‌ಬಂದಿ ಎನ್ನುತ್ತವೆ, ಆ ಮಾತು ಬೇರೆ. ಬರೆದಿಟ್ಟ ಸಾಹಿತ್ಯವನ್ನು ಸರದಿಯಂತೆ ಹಾಡುವುದಕ್ಕೆ ಅದು ಹೊಂದದು.

ಸರಿಹೊಂದುವ ಪದ ನಮ್ಮಲ್ಲೇ ಇದೆ: ‘ದ್ವಂದ್ವ ಗಾಯನ’. ಕರ್ನಾಟಕ ಸಂಗೀತ ಕಚೇರಿಗಳ ಕರಪತ್ರಗಳಲ್ಲಿ ರುದ್ರಪಟ್ಟಣಂ ಸಹೋದರರಂಥವರ ಹಾಡಿಕೆಗೆ ಈ ಮಾತು ನಡೆದುಬಂದಿದೆ. ಯಕ್ಷಗಾನದಲ್ಲಿ ಇಬ್ಬರು ಭಾಗವತರು ಕೂತು ಹಾಡುವ ದ್ವಂದ್ವ ಈ ಆಲ್ಬಮ್‌ನ ರೀತಿಗೆ ಇನ್ನೂ ಹತ್ತಿರ: ಒಂದು ಸಾಲು ಅವರು, ಒಂದು ಸಾಲು ಇವರು, ಕಟ್ಟಕಡೆಗೆ ಇಬ್ಬರೂ ಸೇರಿ. ಒಂದು ಎಚ್ಚರಿಕೆ: ‘ಗಾಯನ’ವನ್ನು ಬಿಟ್ಟು ಬರೀ ‘ದ್ವಂದ್ವ ಆಲ್ಬಮ್’ ಎಂದು ಬರೆಯಬೇಡಿ. ದ್ವಂದ್ವಯುದ್ಧ, ದ್ವಂದ್ವಾರ್ಥ ಎರಡೂ ಅಲ್ಲೇ ಹೊಂಚುಹಾಕಿವೆ. ಹಗುರ ಬರಹಕ್ಕಾದರೆ ‘ಜೋಡಿ ಹಾಡು’ ಸಾಕು.

ಮೂರನೆಯದು ಆ 14. ಸಂಖ್ಯೆ ಸರಿ, ಆದರೆ ಹದಿನಾಲ್ಕೂ ಇಬ್ಬರದೇ ಅಲ್ಲ. ‘ಮಿಸ್ಸಿಂಗ್ ಓಲ್ ಜಾನಿ ಕ್ಯಾಶ್’ ಹಾಡಿನಲ್ಲಿ ಇನ್ನೊಬ್ಬ ಕಂಟ್ರಿ ಗಾಯಕ ಬಾಬಿ ಬೇರ್ ಕೂಡ ಇದ್ದಾರೆ. ಹಾಗಾಗಿ ಎಣಿಕೆಯನ್ನು ಆಲ್ಬಮ್‌ಗೆ ಅಂಟಿಸಿ, ದ್ವಂದ್ವಕ್ಕೆ ಬೇಡ: “ಕಂಟ್ರಿ ಸಂಗೀತದ ಇಬ್ಬರು ಹಿರಿಯರ ದ್ವಂದ್ವ ಗಾಯನದ ಆಲ್ಬಮ್, 14 ಹಾಡುಗಳಿವೆ.”

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದು ಒಪ್ಪಿಗೆ. ಹಾರ್ಮನಿಗೆ ಬರುತ್ತೇನೆ. ‘ಸ್ವರಮೇಳ’ ಎಂದರೆ ನಮ್ಮವರು ವಾದ್ಯವೃಂದ ಎಂದುಕೊಳ್ಳುತ್ತಾರೆ. ‘ಶ್ರುತಿ ಸೇರಿಸಿ ಹಾಡಿದ್ದಾರೆ’ ಎಂದರೆ ಇಬ್ಬರೂ ಒಂದೇ ಸ್ವರ ಹಿಡಿದಿದ್ದಾರೆ ಎಂದಾಗುತ್ತದೆ. ಹಾರ್ಮನಿ ಹಾಗಲ್ಲ. ಕಂಟ್ರಿ ಹಾಡುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಬಗೆಯನ್ನು ನಮ್ಮ ಸ್ವರಗಳಲ್ಲೇ ಹೇಳಬಹುದು. ಶಂಕರಾಭರಣ ರಾಗದ ಸ್ವರಗಳನ್ನು ತೆಗೆದುಕೊಳ್ಳಿ. ಒಬ್ಬರು ಸ–ರಿ–ಗ ಎಂದು ಮಟ್ಟು ಹಾಡುತ್ತಿದ್ದರೆ ಇನ್ನೊಬ್ಬರು ಅದೇ ಹೊತ್ತಿಗೆ, ಅದೇ ಅಕ್ಷರಗಳ ಮೇಲೆ, ಗ–ಮ–ಪ ಹಾಡುತ್ತಾರೆ. ನಡುವೆ ಒಂದು ಸ್ವರ ಬಿಟ್ಟು ಮೇಲಿನದು.

ಹೊಸಬರು ಎಡವುವುದು ಎಲ್ಲಿ ಎಂದರೆ, ಸ–ಗ ಅಂತರ ನಾಲ್ಕು ಅರ್ಧಸ್ವರ, ರಿ–ಮ ಮತ್ತು ಗ–ಪ ಅಂತರ ಮೂರೇ. ಹಾರ್ಮೋನಿಯಂ ಮೇಲೆ ಸದಾ ನಾಲ್ಕು ಮನೆ ಎಣಿಸಿಕೊಂಡು ಹೋದರೆ ರಿಷಭದ ಮೇಲೆ ಈ ರಾಗದಲ್ಲಿಲ್ಲದ ಪ್ರತಿಮಧ್ಯಮ (ಮೇಲಿನ ಮ) ಬಂದು ಕೂರುತ್ತದೆ, ರಾಗವೇ ಕೆಡುತ್ತದೆ. ಅನುವಾದಕರು ‘ಒಂದೇ ಅಂತರದಲ್ಲಿ’ ಎಂದು ಬರೆಯಬಾರದು ಎನ್ನುವುದು ಇದಕ್ಕೇ. ಪದ ಬೇಕೇಬೇಕೆಂದರೆ ‘ಜೊತೆದನಿ’ ಎಂದು ಒಮ್ಮೆ ವಿವರಿಸಿ, ಮುಂದೆ ಹಾರ್ಮನಿ ಎಂದೇ ಬಳಸಿ.

ಯೋಡಲ್ ಅನ್ನು ಅನುವಾದಿಸುವುದು ಬೇಡ, ಕಿಶೋರ್ ಕುಮಾರ್ ಪುಣ್ಯದಿಂದ ನಮ್ಮವರಿಗೆ ಅದು ಗೊತ್ತು. ವಿವರಣೆ ಮಾತ್ರ ಸರಿಯಾಗಿರಲಿ: ಎದೆದನಿಯಿಂದ ಕಳ್ಳದನಿಗೆ (ಫಾಲ್ಸೆಟೊ, ತೆಳುವಾದ ಮೇಲುದನಿ) ಥಟ್ಟನೆ ಹಾರಿ ಮತ್ತೆ ಇಳಿಯುವುದು. ಕರಡುಗಳಲ್ಲಿ ಇದನ್ನು ‘ಒಂದು ಬಗೆಯ ಗಮಕ’ ಎಂದು ಬರೆಯುವುದುಂಟು. ಗಮಕ ಸ್ವರದಿಂದ ಸ್ವರಕ್ಕೆ ಒಡಕಿಲ್ಲದೆ ಸಾಗಬೇಕು. ಯೋಡಲ್‌ನಲ್ಲಿ ಆ ಒಡಕು ಕೇಳಿಸಲೇಬೇಕು, ಅದೇ ಸೊಗಸು.

ಆಲ್ಬಮ್ ಹೆಸರಿನ ಜಿಮ್ಮಿ ಇದಕ್ಕೇ ಹೆಸರಾದವರು, 1927ರಿಂದ ‘ಬ್ಲೂ ಯೋಡಲ್’ ಸರಣಿಯನ್ನು ಧ್ವನಿಮುದ್ರಿಸಿದ ಜಿಮ್ಮಿ ರಾಜರ್ಸ್. ಇಂಗ್ಲಿಷಿನಲ್ಲಿ ‘ಡಿ’ ಇದ್ದರೂ ಉಚ್ಚಾರದಲ್ಲಿಲ್ಲ, ‘ರಾಡ್ಜರ್ಸ್’ ಬೇಡ. 1950ರ ದಶಕದಲ್ಲಿ ಇದೇ ಹೆಸರಿನ ಪಾಪ್ ಗಾಯಕರೊಬ್ಬರಿದ್ದರು, ಫೋಟೊ ಹಾಕುವಾಗ ನೋಡಿಕೊಳ್ಳಿ. ಹ್ಯಾಗರ್ಡ್ 1969ರಲ್ಲೇ ರಾಜರ್ಸ್ ಹಾಡುಗಳ ಇಡೀ ಆಲ್ಬಮ್ ಮಾಡಿದ್ದರು. ಜಾಜ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ನೆಲ್ಸನ್ ಪಾಲಿನ ಗುರು. 1928ರ ಬೆಂಕಿಯಲ್ಲಿ ಎಡಗೈಯ ಎರಡು ಬೆರಳು ಸೊರಗಿದ ಮೇಲೂ ಗಿಟಾರ್ ಆಳಿದವರು. ಇಲ್ಲೂ ‘ಡ್ಜಾಂಗೋ’ ಅಲ್ಲ, ಜಾಂಗೋ.

ಮತ್ತೊಂದು ಉತ್ತರ

ಶೀರ್ಷಿಕೆಗಳ ಬಗ್ಗೆ. ‘ಫೇರ್ ವೆದರ್ ಫ್ರೆಂಡ್’ ಎಂದರೆ ಸುಖ ಇದ್ದಷ್ಟು ದಿನ ಸುತ್ತ ಸುಳಿಯುವವನು. ಹಾಡು ಅದನ್ನು ತಿರುಗಿಸಿ, ಕಷ್ಟದಲ್ಲೇ ಒದಗುವ ಸ್ನೇಹಿತನನ್ನು ಹೊಗಳುತ್ತದೆ. ‘ಅನ್‌ಫೇರ್’ ಕಂಡು ‘ಅನ್ಯಾಯದ ಗೆಳೆಯ’ ಎಂದರೆ ಅರ್ಥ ತಲೆಕೆಳಗು. ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆ ಇರುವಾಗ ‘ಆಪತ್ತಿಗಾದ ಗೆಳೆಯ’ ಎಂದರೆ ಮುಗಿಯಿತು.

‘ಗೋಯಿಂಗ್ ಟು ಪಾಟ್’ ಎಂದರೆ ಹಾಳಾಗಿಹೋಗುವುದು, ‘ಪಾಟ್’ ಎಂದರೆ ಗಾಂಜಾ ಕೂಡ. ವಿಡಿಯೊವನ್ನು ಗಾಂಜಾಪ್ರಿಯರ ದಿನವಾದ ಏಪ್ರಿಲ್ 20ಕ್ಕೇ ಬಿಟ್ಟಿದ್ದರು. ‘ಎಲ್ಲ ಮಡಕೆಗೆ ಹೋಗುತ್ತಿದೆ’ ಎನ್ನುವುದು ಯಂತ್ರಾನುವಾದ. ‘ಎಲ್ಲ ಹಳ್ಳ ಹಿಡೀತು’ ಎಂದರೆ ಅರ್ಧ ಅರ್ಥವಷ್ಟೇ ಸಿಕ್ಕುತ್ತದೆ, ಗಾಂಜಾ ಕೈಬಿಡುತ್ತದೆ. ಭಂಗಿಸೊಪ್ಪನ್ನು ನೆನೆದು ‘ಎಲ್ಲ ಭಂಗ’ ಎನ್ನಬಹುದು, ಆದರೆ ಅದು ಪಂಡಿತರ ಶ್ಲೇಷೆಯಾಯಿತು. ನನ್ನ ಮತ ‘ಎಲ್ಲ ಹೊಗೆ’ಗೆ. ‘ಅವನ ಕಥೆ ಹೊಗೆ’ ಎಂದು ಬೆಂಗಳೂರು ಕಡೆ ಆಡುವುದುಂಟಲ್ಲ, ಅದರಲ್ಲಿ ಹಾಳಾಗುವುದೂ ಬಂತು, ಸೇದುವುದೂ ಬಂತು.

ಕನ್ನಡಿಸಿದ ಶೀರ್ಷಿಕೆಯ ಜೊತೆಗೆ ಮೂಲ ಶೀರ್ಷಿಕೆಯನ್ನೂ ಒಮ್ಮೆ ಕೊಡಿ. ಇಲ್ಲವಾದರೆ ಹಾಡು ಹುಡುಕಿ ಕೇಳಬೇಕೆಂದವರಿಗೆ ದಾರಿ ತಿಳಿಯುವುದಿಲ್ಲ.